ಸಂತರ ಸಾಲು

"ಯಾರೇ ನಿನ್ನ ಎಲೆ ಮಡಚಿದ್ದು?"

ಒನೊರೀನಾ ಕೇಳಿದ್ದು ಯಾರನ್ನೂ ಅಲ್ಲ. ಗುಡ್ಡದ ತೋಟದಲ್ಲಿ ಆ ಹೊತ್ತಿಗೆ ಅವಳೊಬ್ಬಳೇ ಇದ್ದಳು. ಕೆಳಗೆ ಯೂದ್ರಿಯೊ ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಊರಿನ ಗಂಟೆ ಬೆಳಗಿನ ಪ್ರಾರ್ಥನೆಗೆ ಬಾರಿಸಿ ಸುಮ್ಮನಾಗಿತ್ತು. ಅವಳ ಮುಂದಿದ್ದುದು ತೋಳಿನಷ್ಟು ದಪ್ಪದ ಹಳೆಯ ದ್ರಾಕ್ಷಿ ಬಳ್ಳಿ. ಅದರ ಒಂದು ಕುಡಿಯಲ್ಲಿ ಎಲೆಗಳೆಲ್ಲ ಅಂಚಿನಿಂದ ಕೆಳಕ್ಕೆ ಸುರುಳಿ ಸುತ್ತಿದ್ದವು. ಕೊಯ್ಲು ಮುಗಿದ ಮೇಲೆ ಬರಬೇಕಾದ ಕೆಂಪು, ಜೂನ್ ಕೊನೆಯ ಸಂತ ಯೊವಾನ್ನರ ಹಬ್ಬ ಕಳೆದ ವಾರಕ್ಕೇ ಬಂದು ಕೂತಿತ್ತು.

ಅವಳು ಸುತ್ತ ನೋಡಿದಳು. ಆ ಕುಡಿಯನ್ನು ಬುಡದಲ್ಲಿ ಮುರಿದು, ಲಂಗದ ಮೇಲೆ ಸೊಂಟಕ್ಕೆ ಕಟ್ಟಿದ ಮೇಲುಡಿಗೆಯ ಮಡಿಲಿಗೆ ಹಾಕಿಕೊಂಡಳು. ಶಿಲುಬೆಯ ಗುರುತು ಮಾಡಿ ಮುಂದಿನ ಬಳ್ಳಿಗೆ ಸರಿದಳು.

"ಅಗಾತಾ ಆಯ್ತು. ಲುಚೀಯಾ, ನಿನ್ನದೇನಮ್ಮ?"

ಆ ಸಾಲಿನ ಪ್ರತಿ ಬಳ್ಳಿಗೂ ಒಬ್ಬೊಬ್ಬ ಸಂತರ ಹೆಸರಿತ್ತು. ಒನೊರೀನಾ ಸೊಸೆಯಾಗಿ ಬಂದ ವರ್ಷ ಅವಳ ಅತ್ತೆ ಸಂತರ ಪ್ರಾರ್ಥನಾಮಾಲೆಯನ್ನು ಬಾಯಿಪಾಠ ಮಾಡಿಸಿದ್ದು ಇಲ್ಲಿಯೇ, ವಸಂತದಲ್ಲಿ ವಿಲ್ಲೋ ಕಡ್ಡಿಯಿಂದ ಬಳ್ಳಿ ಕಟ್ಟುತ್ತ. ಒಂದು ಹೆಸರು, ಒಂದು ಗಂಟು. ಪ್ರಾರ್ಥನೆ ಮರೆಯದಿರಲಿ ಅಂತಲೋ, ಗಂಟು ತಪ್ಪದಿರಲಿ ಅಂತಲೋ, ಯಾರಿಗೆ ಗೊತ್ತು. ಈಗ ಎರಡೂ ಬೇರೆಯಾಗಿರಲಿಲ್ಲ.

ಮನೆಗೆ ಸಾನ್ ಮೌರೊ ಅಂತ ಹೆಸರು. ಹಿಂದೆ ಸನ್ಯಾಸಿಗಳ ಮಠವಾಗಿದ್ದುದು, ಅವರು ಕೊರೆದ ನೆಲಮಾಳಿಗೆಯಲ್ಲಿಯೇ ಇವತ್ತಿಗೂ ಪೀಪಾಯಿಗಳಿದ್ದವು. ಗುಡ್ಡದ ತೋಟದ ದ್ರಾಕ್ಷಿಗೆ ಆ ಸೀಮೆಯವರು ಇಟ್ಟ ಹೆಸರು ತಾಚೆಲೆಂಗೆ. ನಾಲಿಗೆ ಕೊಯ್ಯುವುದು ಎಂದೇ ಅರ್ಥ. ಹೊಸ ವೈನು ಬಾಯಿಗಿಟ್ಟವನ ಮುಖ ಕಿವುಚುತ್ತದೆ. ವರ್ಷಗಟ್ಟಲೆ ಕತ್ತಲಲ್ಲಿ ಕೂತ ಮೇಲಷ್ಟೇ ಮಾತಿಗೆ ಸಿಗುತ್ತದೆ. ಸುತ್ತಲಿನವರು ಅದನ್ನು ಕಿತ್ತು ಫ್ರಾನ್ಸಿನ ತಳಿ ಹಾಕಿದ ಕಾಲದಲ್ಲಿ ಸಾನ್ ಮೌರೊದವರು ಯಾರ ಮಾತನ್ನೂ ಕೇಳಲಿಲ್ಲ. ಅದರಲ್ಲಿಯೂ ಇವರದು ಸಣ್ಣಕಾಯಿ ಅನ್ನುವ ತಳಿ. ಆ ಸಣ್ಣಕಾಯಿ ಬೇರೆಲ್ಲೂ ಇರಲಿಲ್ಲ. ಕೆಳಗಿನ ತೋಟದ ಎಲ್ವಿಯೊನ ಮಗನ ಮದುವೆಗೆ ಒನೊರೀನಾ ಉಡುಗೊರೆಯಾಗಿ ಕೊಟ್ಟ ಕಡ್ಡಿಗಳಿಂದ ಎದ್ದ ಎಳೆಯ ತೋಟವೊಂದನ್ನು ಬಿಟ್ಟರೆ.

ಮಡಿಲು ತುಂಬಿತು. ಅವಳು ಮೊಲದ ಗೂಡಿನ ಕಡೆ ಇಳಿದಳು.

*

"ಮೊಲಗಳು ಬಿಷಪ್ಪರ ಥರ ಊದ್ತಾ ಇವೆ," ಅಂದಳು ಮೊಮ್ಮಗಳು ಸಬೀನಾ. ನೆಲಮಾಳಿಗೆಯ ಕೆಲಸವೆಲ್ಲ ಅವಳದೇ. ಊಟಕ್ಕೆ ಬಂದಾಗಲೂ ಕೈಯಿಂದ ಪೀಪಾಯಿಯ ವಾಸನೆ ಹೋಗುತ್ತಿರಲಿಲ್ಲ. "ಅಜ್ಜಿ, ಏನು ಹಾಕ್ತಿದ್ದೀಯ ಅವಕ್ಕೆ?"

"ಸೊಪ್ಪು."

"ನಮ್ಮಪ್ಪನಿಗೂ ಒಂದು ಹಿಡಿ ಹಾಕು. ನೋಡು, ಹೆಂಗೆ ಸೊರಗಿದಾರೆ."

ತರ್ಚೀಸಿಯೊ ನಗಲಿಲ್ಲ. ಹೆಂಡತಿ ನೀವೆಸ್ ತಾಮ್ರದ ಪಾತ್ರೆಯಿಂದ ಪೊಲೆಂಟಾ ಮುದ್ದೆಯನ್ನು ಹಲಗೆಯ ಮೇಲೆ ಬೋರಲು ಹಾಕಿ ದಾರದಿಂದ ಕೊಯ್ಯುತ್ತಿದ್ದಳು. ಗಂಡನ ಪಾಲಿಗೆ ಯಾವಾಗಲೂ ಅಂಚಿನದು ಬೇಕು. ಕೊಟ್ಟಳು. ಅವನು ಮುಟ್ಟಲಿಲ್ಲ.

"ಬೆಳೆರೋಗದ ಕಚೇರಿಯವರು ಫೋನ್ ಮಾಡಿದ್ರು," ಅಂದ. "ಕೊಯ್ಲಿಗೆ ಮುಂಚೆ ಬರ್ತಾರಂತೆ. ಈ ಸಲ ಸಾಲು ಸಾಲು ನಡೆದು ನೋಡ್ತಾರೆ."

"ನೋಡ್ಲಿ," ಅಂದಳು ಒನೊರೀನಾ.

"ಅಮ್ಮ, ಹೋದ ವರ್ಷದ ಹಂಗಲ್ಲ. ಆಗ ಕೆಂಪು ಪಟ್ಟಿ ಕಟ್ಟಿದ ಬಳ್ಳಿ ಮಾತ್ರ ಕೀಳಿಸಿದ್ರು. ಈಗ ಐದಕ್ಕೊಂದು ಬಳ್ಳಿಗಿಂತ ಹೆಚ್ಚು ರೋಗ ಕಂಡ್ರೆ ಇಡೀ ತೋಟಾನೇ ಹೋಗ್ಬೇಕು. ಬೇರು ಸಮೇತ. ಜಿಗಿಹುಳ ಒಂದರ ರಸ ಹೀರಿ ಇನ್ನೊಂದಕ್ಕೆ ಹಾರುತ್ತಲ್ಲ, ಅದಕ್ಕೆ ಅಕ್ಕಪಕ್ಕದವರಿಗೆ ಹಬ್ಬಬಾರ್ದು ಅಂತ."

"ಕಿತ್ತ ಜಾಗಾನ ನಾನು ತುಂಬಿದೀನಿ."

"ಅದೇ ಹೇಳ್ತಿರೋದು ನಾನು!" ಸಬೀನಾ ಚಮಚ ಕೆಳಗಿಟ್ಟಳು. "ಪಕ್ಕದ ಬಳ್ಳಿಯ ಕುಡೀನ ಬಗ್ಗಿಸಿ ಮಣ್ಣಲ್ಲಿ ಹೂತಿದ್ದೀಯ. ತಾಯಿಗೆ ಒಳಗೊಳಗೇ ರೋಗ ಇದ್ರೆ ಮರೀಗೂ ಅದೇ ರಕ್ತ ತಾನೆ? ಪರೀಕ್ಷೆ ಮಾಡಿದ ಸಸಿ ತರೋಣ ಅಂತ ಎಷ್ಟು ಬಡ್ಕೊಂಡೆ."

"ನಿನ್ನ ನರ್ಸರಿಯವನ ಹತ್ರ ಸಣ್ಣಕಾಯಿ ಇದೆಯಾ?"

"ಇಲ್ಲ."

"ಹಂಗಾದ್ರೆ ಊಟ ಮಾಡು."

ತೋಟದಲ್ಲಿ ಬಳ್ಳಿ ಸತ್ತರೆ ಪಕ್ಕದ ಬಳ್ಳಿ ಆ ಜಾಗಕ್ಕೆ ಮಗುವನ್ನು ಕೊಡಬೇಕು. ಆ ಮನೆಯಲ್ಲಿ ಮೊದಲಿನಿಂದ ಹಾಗೆ. ಹೊಸ ಸೊಸೆ ಮೊದಲ ವಸಂತದಲ್ಲಿ ಒಂದು ಖಾಲಿ ಜಾಗವನ್ನು ತನ್ನ ಕೈಯಿಂದ ಹೀಗೆ ತುಂಬಬೇಕು. ನೀವೆಸ್ ಕೂಡ ತುಂಬಿದ್ದಳು. ಸಂತರ ಮಾಲೆಯಲ್ಲಿ ಅವಳ ಹೆಸರಿನವರು ಯಾರೂ ಇಲ್ಲದ್ದರಿಂದ ಅತ್ತೆ ಯೋಚಿಸಿ ಯೋಚಿಸಿ, ನೀವೆಸ್ ಅಂದರೆ ಹಿಮ ತಾನೆ ಅಂತ, ಆ ಬಳ್ಳಿಗೆ ಹಿಮದ ಮಾತೆ ಅಂತ ಹೆಸರಿಟ್ಟಿದ್ದಳು. ಆಗಸ್ಟ್ ಮೊದಲ ವಾರ ಹಿಮದ ಮಾತೆಯ ಹಬ್ಬದ ದಿನ ಇವತ್ತಿಗೂ ಒನೊರೀನಾ ಆ ಬಳ್ಳಿಯ ಎಲೆಯೊಂದನ್ನು ಸೊಸೆಯ ತಟ್ಟೆಯ ಪಕ್ಕ ಇಡುತ್ತಿದ್ದಳು. ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ.

*

ಜುಲೈಯಲ್ಲಿ ತರ್ಚೀಸಿಯೊ ಜಿಗಿಹುಳಕ್ಕೆ ಎರಡನೆಯ ಸಲ ಮದ್ದು ಹೊಡೆದ. ಅದಾದ ಭಾನುವಾರ ಪೂಜೆ ಮುಗಿಸಿ ಬಂದ ನೀವೆಸ್ ಮೊಲ ಹಿಡಿಯಲು ಹೋದಾಗ ಗೂಡು ಸದ್ದಿಲ್ಲದೆ ಬಿದ್ದಿತ್ತು. ಮೊಲಗಳು ಒಂದರ ಮೇಲೊಂದು ಒರಗಿ, ಹಲ್ಲು ಕಿಸಿದು, ಸೆಟೆದುಕೊಂಡಿದ್ದವು. ತಳದ ಹುಲ್ಲನ್ನು ಕೆದಕಿದಳು. ಅರ್ಧ ತಿಂದ ದ್ರಾಕ್ಷಿ ಎಲೆ. ಕೆಂಪಗೆ, ಸುರುಳಿ ಸುತ್ತಿದ್ದು. ಅದರ ಕೆಳಗೆ ಇನ್ನಷ್ಟು, ಒಣಗಿದ್ದು. ಅದರ ಕೆಳಗೆ ಕೊಳೆತದ್ದು.

ಅತ್ತೆ ಅಡುಗೆಮನೆಯಲ್ಲಿ ಬೀನ್ಸ್ ಸುಲಿಯುತ್ತ ಕೂತಿದ್ದಳು. ನೀವೆಸ್ ಎಲೆಯನ್ನು ಅವಳ ಬೋಗುಣಿಯ ಪಕ್ಕ ಇಟ್ಟಳು.

"ಮೊಲಗಳೆಲ್ಲ ಹೋದ್ವು, ಅತ್ತೆ."

ಒನೊರೀನಾಳ ಕೈ ನಿಂತಿತು. "ಎಲ್ಲಾನೂ?"

"ಎಲ್ಲಾನೂ. ಮದ್ದು ಹೊಡೆದ ಎಲೆ. ಯಾವಾಗಿಂದ ಕೀಳ್ತಿದ್ದೀರಿ?"

"ಈ ವರ್ಷದ್ದಾ?"

ನೀವೆಸ್ ಕುರ್ಚಿ ಎಳೆದುಕೊಂಡು ಕೂತಳು. "ಹೋದ ವರ್ಷಾನೂ?"

"ಅದರ ಹಿಂದಿನ ವರ್ಷ ಮೊದಲು ಕಂಡಿದ್ದು ಅಗಾತಾಳಲ್ಲಿ. ಒಂದೇ ಕುಡಿ. ಕಿತ್ತೆ. ಆಮೇಲೆ ಚೆನ್ನಾಗಿಯೇ ಇದ್ಲು." ಒನೊರೀನಾ ಬೀನ್ಸ್ ಕಾಯೊಂದನ್ನು ಒಡೆದು, ಕಾಳು ತೆಗೆಯದೆ ಹಾಗೇ ಹಿಡಿದುಕೊಂಡಳು. "ಮನೇಲಿ ಕಾಯಿಲೆ ಬಿದ್ದೋರನ್ನ ಬೀದಿಗೆ ತಂದು ತೋರಿಸ್ತಾರೇನೆ? ನಿಮ್ಮ ಮಾವನಿಗೆ ಕೆಮ್ಮಲ್ಲಿ ರಕ್ತ ಬಂದಾಗ ತೋರಿಸಿದ್ವಾ?"

"ತೋರಿಸಬೇಕಿತ್ತು."

"ಆಯ್ತು, ಬುದ್ಧಿವಂತೆ ನೀನು. ಈಗ ಹೋಗಿ ನಿನ್ನ ಗಂಡನಿಗೆ ಹೇಳು. ಹೇಳಿ ತೋಟ ಕೀಳಿಸು."

ನೀವೆಸ್ ಹೇಳಲಿಲ್ಲ. ಸತ್ತ ಮೊಲಗಳನ್ನು ಹೂತು, ಮಧ್ಯಾಹ್ನಕ್ಕೆ ಚೀಸ್ ಆಲೂಗೆಡ್ಡೆ ಹುರಿದು ಬಡಿಸಿದಳು. ಮೊಲ ಎಲ್ಲಿ ಅಂತ ಗಂಡ ಕೇಳಲಿಲ್ಲ. ಅವನು ಕೇಳದೇ ಇದ್ದುದನ್ನು ಅವಳು ಗಮನಿಸಿದಳು.

*

ಜುಲೈ ಮುಗಿಯುವ ಹೊತ್ತಿಗೆ ಒನೊರೀನಾಳ ಮಂಡಿ ಊದಿಕೊಂಡಿತು. ಒಂದು ಬೆಳಿಗ್ಗೆ ಏರಿಯ ಅರ್ಧಕ್ಕೆ ಹೋಗಿ ಕಲ್ಲಿನ ಮೇಲೆ ಕೂತುಬಿಟ್ಟಳು. ಹಾಲಿನ ಪಾತ್ರೆ ಹಿಡಿದು ಬರುತ್ತಿದ್ದ ನೀವೆಸ್ ಅವಳನ್ನು ನೋಡಿದಳು, ಹತ್ತಿರ ಹೋದಳು.

"ಬನ್ನಿ, ಮನೆಗೆ ಹೋಗೋಣ."

"ಅಗಾತಾ ಮಾತ್ರ ನೋಡಿ ಬರ್ತೀಯಾ? ರಸ್ತೆಗೆ ಕಾಣೋದು ಅವಳೇ."

ನೀವೆಸ್ ಹಾಲಿನ ಪಾತ್ರೆ ಕೆಳಗಿಟ್ಟಳು. ಅಗಾತಾಳನ್ನು ನೋಡಿದ ಮೇಲೆ ಲುಚೀಯಾ. ಲುಚೀಯಾಳ ಮೇಲೆ ಚೆಚೀಲಿಯಾ. ಕೆಂಪು ಎಲೆಯ ಕುಡಿಗಳು ಗಟ್ಟಿಯಾಗದೆ ರಬ್ಬರಿನಂತೆ ಜೋಲುತ್ತಿದ್ದವು. ಮುರಿಯಲು ಬಾರದೆ ತಿರುಚಿ ಕೀಳಬೇಕಾಗಿತ್ತು. ಗೊಂಚಲುಗಳು ಬಣ್ಣ ಬರುವ ಮೊದಲೇ ಸುಕ್ಕುಗಟ್ಟಿದ್ದವು. ಆ ದಿನದಿಂದ ಬೆಳಗಿನ ಕೆಲಸಗಳಲ್ಲಿ ಅದೂ ಒಂದಾಯಿತು: ಕೋಳಿ, ಹಾಲು, ಒಲೆ, ಸಂತರು. ಕಿತ್ತದ್ದನ್ನು ಒಲೆಗೆ ಹಾಕುತ್ತಿದ್ದಳು. ಒಲೆಯ ಮುಂದೆ ಅತ್ತೆ ಕೇಳುತ್ತಿದ್ದಳು, "ಬಾರ್ಬರಾ ಹೇಗಿದ್ದಾಳೆ? ಆಂತೋನಿಯೊ?" ಆಸ್ಪತ್ರೆಯಿಂದ ಬಂದವರನ್ನು ವಿಚಾರಿಸಿಕೊಂಡ ಹಾಗೆ.

ಹಿಮದ ಮಾತೆಯ ಹಬ್ಬದ ದಿನ ತಟ್ಟೆಯ ಪಕ್ಕ ಎಲೆಯಿರಲಿಲ್ಲ. ಎಲೆ ತರಬೇಕಾದವಳು ಈಗ ನೀವೆಸ್ ಆಗಿದ್ದಳು. ಅವಳು ಆ ಬೆಳಿಗ್ಗೆ ತನ್ನ ಬಳ್ಳಿಯ ಮುಂದೆ ನಿಂತು, ಕೆಳಗಿನ ಎಲೆಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದೊಂದಾಗಿ ಕಿತ್ತು ಮಡಿಲಿಗೆ ಹಾಕಿಕೊಂಡು ಇಳಿದಿದ್ದಳು. ಮೇಜಿನ ಮೇಲೆ ಇಡುವಂಥದ್ದು ಒಂದೂ ಉಳಿದಿರಲಿಲ್ಲ.

*

ಆಗಸ್ಟ್ ನಡುವೆ, ಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ ಎಲ್ವಿಯೊ ಬಂದ. ಕೆಳಗಿನ ತೋಟದವನು, ಚರ್ಚಿನ ಗಂಟೆ ಬಾರಿಸುವವನು. ಹಬ್ಬದ ಅಂಗಿ ಹಾಕಿದ್ದ, ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಏನನ್ನೋ ಹಿಡಿದಿದ್ದ. ಹಬ್ಬದ ಊಟ ಮುಗಿದು ಮೇಜಿನ ಮೇಲೆ ಅಕ್ರೋಟು ತುಂಬಿದ ಸಿಹಿ ರೊಟ್ಟಿ ಇತ್ತು.

"ಕೂತ್ಕೊಳ್ಳೊ," ಅಂದ ತರ್ಚೀಸಿಯೊ. "ಒಂದು ಗ್ಲಾಸು."

"ಕೂತ್ಕೊಳ್ಳೋಕೆ ಬಂದಿಲ್ಲ." ಪತ್ರಿಕೆ ಬಿಚ್ಚಿದ. ಸುರುಳಿ ಎಲೆಯ ಕುಡಿ. "ಸಿಯೋರಾ, ಅಮ್ಮನವರೇ, ನೀವು ನೋಡಿ ಹೇಳಿ. ಇದು ಅದೇನಾ?"

ಒನೊರೀನಾ ಕನ್ನಡಕ ಹುಡುಕಿದಳು. ಅದು ಅವಳ ಕೊರಳಲ್ಲಿಯೇ ಇತ್ತು.

"ಅದೇ," ಅಂದಳು ಸಬೀನಾ.

"ನಮ್ಮ ಹುಡುಗನ ಮದುವೆ ತೋಟದ್ದು. ಅರ್ಧಕ್ಕರ್ಧ ಹಿಂಗೇ ಆಗೋಗಿದೆ. ಒಂದು ಗೊಂಚಲೂ ನೆಟ್ಟಗಿಲ್ಲ." ಎಲ್ವಿಯೊ ಟೋಪಿ ತೆಗೆದ. "ನಿಮ್ಮದಕ್ಕೇನೂ ಆಗಿಲ್ಲ, ರಸ್ತೆಯಿಂದ ನೋಡ್ಕೊಂಡೇ ಬಂದೆ, ದೇವರ ದಯೆ. ನೀವು ಕೊಟ್ಟಿದ್ದು ಇಂಥಾ ಒಳ್ಳೇ ಕಡ್ಡಿ. ನಮ್ಮ ಮಣ್ಣಿಂದಾನೇ ತಪ್ಪು. ಇಲ್ಲ, ನಾನೇ ಮದ್ದು ಸರಿಯಾಗಿ ಹೊಡೀಲಿಲ್ಲವೇನೋ."

ತರ್ಚೀಸಿಯೊ ಗ್ಲಾಸಿಗೆ ವೈನು ಸುರಿದ. ತುಂಬಿದ ಮೇಲೂ ಸುರಿದ, ಮೇಜುಬಟ್ಟೆ ಕೆಂಪಾಯಿತು.

"ನಾಳೇನೇ ಕಿತ್ತು ಸುಡ್ತೀನಿ," ಅಂದ ಎಲ್ವಿಯೊ. "ಕಚೇರಿಯವರು ಬರೋವರೆಗೆ ಕಾಯೋದಿಲ್ಲ. ನನ್ನ ತೋಟದ ಹುಳ ಹಾರಿ ಬಂದು ನಿಮ್ಮ ಸಂತರನ್ನ ಮುಟ್ಟಬಾರ್ದು. ಅದೊಂದು ಪಾಪ ನನಗೆ ಬೇಡ. ಹೇಳಿ ಹೋಗೋಣ ಅಂತ ಬಂದೆ."

ಅವನು ಹೋದ ಮೇಲೆ ಸಬೀನಾ ಎದ್ದು ನಿಂತಳು.

"ಯಾರಾದ್ರೂ ಬಾಯಿ ಬಿಡ್ತೀರಾ? ಆ ಕಡ್ಡಿ ಕೊಟ್ಟಿದ್ದು ಯಾವ ಬಳ್ಳಿಯಿಂದ, ಅಜ್ಜಿ?"

"ಚೆನ್ನಾಗಿರೋದ್ರಿಂದಾನೇ ಕೊಟ್ಟೆ. ಅಗಾತಾಳಿಂದ. ಮೊದಲು ಕಂಡ ಒಂದು ಕೆಂಪು ಕುಡಿ ಕಿತ್ತಿದ್ದೆ, ಆ ಚಳಿಗಾಲ ಅವಳ ಕಡ್ಡಿ ಎಷ್ಟು ಗಟ್ಟಿಯಾಗಿತ್ತು ಗೊತ್ತಾ."

"ಅಗಾತಾಳಿಂದ!" ಸಬೀನಾ ತಂದೆಯ ಕಡೆ ತಿರುಗಿದಳು. "ಅಪ್ಪಾ, ನೀವು ಅವನ ಹಿಂದೆ ಹೋಗಿ ಹೇಳಿ. ಈಗಲೇ."

"ಕೊಯ್ಲು ಮುಗೀಲಿ."

"ಅಂದ್ರೆ ನಿಮಗೂ ಗೊತ್ತಿತ್ತು."

"ನಾನೇನು ಕುರುಡನಾ? ಮದ್ದು ಹೊಡೆಯೋನು ನಾನು. ಎಲೆಯಿಲ್ಲದ ಕುಡಿ ನನಗೆ ಕಾಣಲ್ವಾ?" ತರ್ಚೀಸಿಯೊ ಬಾಟಲಿಯನ್ನು ಮೇಜಿಗೆ ಕುಕ್ಕಿದ. "ಏನ್ ಮಾಡ್ಲಿ ಹೇಳು. ನೀನೇ ಹೇಳಿದ್ದೆ: ಚಳಿಗಾಲದವರೆಗೆ ತೋಟ ನಿಂತ್ರೆ, ಎಲೆ ಉದುರಿ ಮಲಗಿದ ಕಡ್ಡಿ ಕತ್ತರಿಸಿ ಬಿಸಿನೀರಲ್ಲಿ ಶುದ್ಧ ಮಾಡಬಹುದು, ತಳಿ ಉಳಿಯುತ್ತೆ ಅಂತ. ರೋಗದ ತೋಟ ಅಂತ ಒಂದ್ಸಲ ಬರೆದ್ರೆ ಒಂದು ಕಡ್ಡಿ ತೆಗೆಯೋಕೂ ಬಿಡಲ್ಲ. ನೀನೇ ಹೇಳಿದ್ದಲ್ವಾ?"

"ಹೇಳಿದ್ದೆ," ಅಂದಳು ಸಬೀನಾ. ಕೂತಳು. ಮೇಜುಬಟ್ಟೆಯ ಕಲೆಯ ಮೇಲೆ ಉಪ್ಪು ಸುರಿಯತೊಡಗಿದಳು. ಉಪ್ಪು ಕೆಂಪಾಗುತ್ತ ಹೋಯಿತು. "ಅವನು ಕ್ಷಮೆ ಕೇಳಿ ಹೋದ, ಅಪ್ಪ. ನಮ್ಮ ಹತ್ರ."

*

ಮರುದಿನವೆಲ್ಲ ಕೆಳಗಿನಿಂದ ಟ್ರ್ಯಾಕ್ಟರಿನ ಸದ್ದು ಬಂತು. ತೋಟ ಕೀಳುವವರಿಗೆ ಪಕ್ಕದ ಮನೆಯಿಂದ ಊಟ ಹೋಗಬೇಕು, ಸಾವಿನ ಮನೆಗೆ ಹೋಗುವ ಹಾಗೆ. ನೀವೆಸ್ ಬಾರ್ಲಿ ಬೀನ್ಸಿನ ಸಾರು ಮಾಡಿ ಮುಚ್ಚಳ ಕಟ್ಟಿ ಒಯ್ದಳು.

ಎಲ್ವಿಯೊನ ಸೊಸೆ ಬಸುರಿ. ಬೇಲಿಯ ಆಚೆ ನಿಂತು ಬೆಂಕಿ ನೋಡುತ್ತಿದ್ದಳು. ಮಗ ಸರಪಳಿ ಬಿಗಿಯುತ್ತಿದ್ದ. ಟ್ರ್ಯಾಕ್ಟರು ಎಳೆದಾಗ ಎಳೆಯ ಬಳ್ಳಿಗಳು ಸದ್ದಿಲ್ಲದೆ ಬರುತ್ತಿದ್ದವು, ಹಲ್ಲು ಬೀಳುವ ಮಗುವಿನ ಹಲ್ಲಿನಂತೆ. ಎಲ್ವಿಯೊ ಪಾತ್ರೆ ತೆಗೆದುಕೊಂಡು ಮೂಸಿ ನೋಡಿದ.

"ಇದರಲ್ಲಿ ಹಂದಿ ಮೂಳೆ ಹಾಕಿದ್ದೀಯ. ಬದುಕ್ಕೊಂಡೆ ನಾನು." ಆಮೇಲೆ ದನಿ ತಗ್ಗಿಸಿದ. "ನೀವೆಸ್, ಸಿಯೋರಾಗೆ ಹೇಳು. ಅವರು ಕೊಟ್ಟ ಉಡುಗೊರೆ ಉಳಿಸಿಕೊಳ್ಳೋಕಾಗಲಿಲ್ಲ, ಮನಸ್ಸಿಗೆ ಹಚ್ಕೊಬೇಡಿ ಅಂದೆ ಅಂತ. ಅವರ ಮುಂದೆ ಹೇಳೋಕೆ ನನಗೆ ನಾಲಿಗೆ ಬರಲಿಲ್ಲ."

"ನಿಮ್ಮ ಅಪ್ಪನ ಕಾಲದ ತೋಟ?" ಅಂದಳು ನೀವೆಸ್. "ಅದು ಹೇಗಿದೆ?"

"ಅದು ಇನ್ನೂ ಚೆನ್ನಾಗಿದೆ. ಅದೊಂದು ಉಳೀಲಿ ಅಂತ ದಿನಾ ಗಂಟೆ ಬಾರಿಸುವಾಗ ಕೇಳ್ಕೊಳ್ತೀನಿ." ಅವನು ಬೆರಳು ತೋರಿಸಿದ. ಆ ತೋಟ ಸಂತರ ಸಾಲಿನ ನೇರ ಕೆಳಗೆ ಇತ್ತು. ನಡುವೆ ಒಂದು ಕಾಲುವೆ, ಒಂದಿಷ್ಟು ಹುಲ್ಲು. ಅಷ್ಟೇ.

ನೀವೆಸ್ ಖಾಲಿ ಕೈಯಲ್ಲಿ ಏರಿ ಹತ್ತಿದಳು. ಕೂದಲಿಗೆ, ಬೆವರಿಗೆ ಮುದುಡಿದ ಅಂಗಿಗೆ ಹೊಗೆ ಹತ್ತಿಕೊಂಡು ಬಂತು. ಮನೆಯಲ್ಲಿ ಅತ್ತೆ ಕೇಳಿದಳು, "ಏನಂದ?"

"ಸಾರು ಚೆನ್ನಾಗಿದೆ ಅಂದ."

ಅದಾದ ಮೇಲೆ ನೀವೆಸ್ ಬೆಳಗಿನ ಹೊತ್ತು ಗುಡ್ಡಕ್ಕೆ ಹೋಗುವುದನ್ನು ಬಿಟ್ಟಳು. ಬಿಟ್ಟೆ ಅಂತ ಹೇಳಲಿಲ್ಲ. ಟೊಮೆಟೊ ಕಾಲ, ಬಾಟಲಿ ತುಂಬಬೇಕು, ಕೊಯ್ಲಿನವರಿಗೆ ಹಾಸಿಗೆ ಬಿಸಿಲಿಗೆ ಹಾಕಬೇಕು. ಒನೊರೀನಾ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಗುಡ್ಡವನ್ನೇ ನೋಡುತ್ತ ಕೂತಿರುತ್ತಿದ್ದಳು. ದಿನದಿಂದ ದಿನಕ್ಕೆ ಸಾಲು ಕೆಂಪಾಗುತ್ತಿತ್ತು. ಮೊದಲು ದೀಪ ಹಚ್ಚಿಟ್ಟ ಹಾಗೆ ಅಲ್ಲೊಂದು ಇಲ್ಲೊಂದು. ಆಮೇಲೆ ಎಡೆಯೇ ಇಲ್ಲದ ಹಾಗೆ.

*

ಸೆಪ್ಟೆಂಬರಿನಲ್ಲಿ, ಮಾತೆಯ ಜನ್ಮದಿನದ ಹಬ್ಬ ಕಳೆದ ಸಂಜೆ ಕಚೇರಿಯಿಂದ ಫೋನ್ ಬಂತು. ನಾಳೆ ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ.

ನೀವೆಸ್ ಪೊಲೆಂಟಾ ತಿರುವುತ್ತಿದ್ದಳು. ತರ್ಚೀಸಿಯೊ ಬಾಗಿಲಲ್ಲಿ ನಿಂತು ಬೂಟಿನ ದಾರ ಬಿಚ್ಚಿದ, ಮತ್ತೆ ಕಟ್ಟಿದ, ಮತ್ತೆ ಬಿಚ್ಚಿದ. ಸಬೀನಾ ಪೀಪಾಯಿಗಳ ನಡುವಿನಿಂದ ಮೇಲೆ ಬಂದು ಕೈ ತೊಳೆಯದೆ ಕೂತಳು.

"ನಾನು ಹೋಗಿ ಕೆಂಪು ಕುಡಿ ಕಿತ್ತು ಬರ್ಲಾ?" ಅಂದ ತರ್ಚೀಸಿಯೊ.

"ನೀನು ಟ್ರ್ಯಾಕ್ಟರ್ ಹತ್ತಿದ್ರೆ ಸಾಕು, ಊರೆಲ್ಲ ನೋಡುತ್ತೆ," ಅಂದಳು ಒನೊರೀನಾ. "ನಿನ್ನ ಕೈಗೆ ನಯ ಇಲ್ಲ. ಕಾಯೆಲ್ಲ ಉದುರಿಸಿ ಬರ್ತೀಯ. ನೀವೆಸ್‌ಗೆ ಗೊತ್ತು."

ನೀವೆಸ್ ತಿರುಗಲಿಲ್ಲ.

"ಮಗಳೇ," ಅಂದಳು ಒನೊರೀನಾ. ಮೂವತ್ತು ವರ್ಷದಲ್ಲಿ ಅವಳು ಸೊಸೆಯನ್ನು ಹಾಗೆ ಕರೆದದ್ದು ಇದೇ ಮೊದಲು. "ಬೆಳಿಗ್ಗೆ ಬೇಗ. ಇಡೀ ತೋಟ ಬೇಡ. ಬೇರೆ ಸಾಲಲ್ಲಿ ಐದಕ್ಕೊಂದೂ ಇಲ್ಲ, ಆ ಒಂದು ಸಾಲು ಸಾಕು. ಅಗಾತಾಳಿಂದ ನಿನ್ನ ಹಿಮದ ಮಾತೆಯವರೆಗೆ. ಚಳಿಗಾಲದವರೆಗೆ ನಿಂತ್ರೆ ಈ ಹುಡುಗಿ ಕಡ್ಡಿ ಕತ್ತರಿಸ್ತಾಳೆ. ಆಮೇಲೆ ನಾವೇ ಕೀಳೋಣ, ನಾನೇ ಮೊದಲ ಸರಪಳಿ ಬಿಗೀತೀನಿ. ಇದು ಹೋದ್ರೆ ಸಣ್ಣಕಾಯಿ ಅನ್ನೋದೇ ಇರಲ್ಲ ಈ ಭೂಮಿ ಮೇಲೆ. ನಿಮ್ಮ ಮಾವನ ಮುಖ ನೋಡು. ನನ್ನ ಮಂಡಿ ಕೇಳಿದ್ರೆ ನಿನ್ನ ಕೇಳ್ತಿರಲಿಲ್ಲ. ತೆವಳ್ಕೊಂಡಾದ್ರೂ ಹೋಗ್ತಿದ್ದೆ."

ಅವಳು ಸೊಂಟದಿಂದ ಮೇಲುಡಿಗೆ ಬಿಚ್ಚಿದಳು. ಮಡಿಲ ತುಂಬ ಹಸಿರು, ಕಂದು ಕಲೆ. ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದಳು.

ಸಬೀನಾ ಅಮ್ಮನನ್ನು ನೋಡಿದಳು. ಕೆಳಗಿನಿಂದ ಸಂಜೆಯ ಗಂಟೆ ಶುರುವಾಯಿತು. ಎಲ್ವಿಯೊ ಬಾರಿಸುವ ರೀತಿ ಎಲ್ಲರಿಗೂ ಗೊತ್ತು, ಕೊನೆಯ ಏಟಿಗೆ ಮುಂಚೆ ಒಂದು ಉಸಿರಿನಷ್ಟು ನಿಲ್ಲುತ್ತಾನೆ.

ನೀವೆಸ್ ಪಾತ್ರೆಯನ್ನು ಹಲಗೆಯ ಮೇಲೆ ಬೋರಲು ಹಾಕಿದಳು. ಹಬೆ ಎದ್ದಿತು. ದಾರವನ್ನು ಎರಡೂ ಕೈಗೆ ಸುತ್ತಿಕೊಂಡು, ಗಂಟೆ ನಿಲ್ಲುವವರೆಗೆ ಹಾಗೇ ನಿಂತಿದ್ದಳು.

"ಅಂಚಿನದು ಯಾರಿಗೆ?" ಅಂದಳು.

"ನೀವೆಸ್," ಅಂದಳು ಒನೊರೀನಾ. "ಕೇಳ್ತಾ ಇದ್ದೀನಿ."

"ಕೇಳಿಸ್ತು, ಅತ್ತೆ. ನಾನು ಹೋಗೋದಿಲ್ಲ."